ಮೊದಲ ಬಿತ್ತಿಗೆಗೆ ಬೀಜ ಉಂಟು, ಎರಡನೆಯದಕ್ಕೆ? ಮಲಪ್ರಭಾ ಸೀಮೆಯ ಬೀಜ ಪೇಟೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ವರ್ಷಕ್ಕೆ ಎರಡು ಬಾರಿ ಬೀಜದ ಅಂಗಡಿಗಳ ಮುಂದೆ ಜನ ನೆರೆಯುತ್ತಾರೆ. ಮೇ ಕೊನೆಯ ರೋಹಿಣಿ ಮಳೆಗೂ ಜೂನ್ ತಿಂಗಳ ಮೃಗಶಿರಕ್ಕೂ ನಡುವೆ ಮುಂಗಾರಿ ಬೀಜಕ್ಕಾಗಿ ಒಮ್ಮೆ. ಸೆಪ್ಟೆಂಬರಿನ ಉತ್ತರಾ ಮಳೆಯಿಂದ ಅಕ್ಟೋಬರಿನ ಚಿತ್ತಾ ಮಳೆಯವರೆಗೆ ಹಿಂಗಾರಿ ಬೀಜಕ್ಕಾಗಿ ಮತ್ತೊಮ್ಮೆ. ಮಳೆ ಹೊತ್ತಿಗೆ ಸರಿಯಾಗಿ ಬಂದರೆ ಈ ವ್ಯವಹಾರ ಹದಿನೈದು ದಿನಗಳಲ್ಲಿ ಮುಗಿದುಹೋಗುತ್ತದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟು ಸಸಿ ಒಣಗಿದ ವರ್ಷಗಳಲ್ಲಿ ಮಾತ್ರ ರೈತ ಮೂರನೆಯ ಬಾರಿ ಪೇಟೆಗೆ ಬರಬೇಕಾಗುತ್ತದೆ. ಆಗ ಅವನ ಕೈಯಲ್ಲಿ ಹಣ ಇರುವುದಿಲ್ಲ. ಅಂಗಡಿಯಲ್ಲಿ ಅವನಿಗೆ ಬೇಕಾದ ಬೀಜವೂ ಬಹಳ ಸಲ ಇರುವುದಿಲ್ಲ.

ಬೀಜದ ಬಗೆಗಿನ ಚರ್ಚೆ ಸಾಮಾನ್ಯವಾಗಿ ಕಳಪೆ ಬೀಜ, ನಕಲಿ ಬೀಜ, ದುಬಾರಿ ಬೀಜ ಎಂಬ ಮೂರು ಮಾತುಗಳಲ್ಲಿಯೇ ಸುತ್ತುತ್ತದೆ. ಈ ಮೂರೂ ನಿಜವಾದ ಸಮಸ್ಯೆಗಳೇ. ಆದರೆ ಬರಪೀಡಿತ ಸೀಮೆಯಲ್ಲಿ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಮೊದಲ ಬಿತ್ತಿಗೆ ಹಾಳಾದ ವಾರದಲ್ಲಿ, ಊರಿನಿಂದ ಹತ್ತು ಕಿಲೋಮೀಟರ್ ಒಳಗೆ, ಹೊಲಕ್ಕೆ ಒಪ್ಪುವ ಬೀಜ ಎಷ್ಟಿದೆ? ನಮ್ಮ ಬೀಜ ಮಾರುಕಟ್ಟೆಯ ಏರ್ಪಾಡು ಮೊದಲ ಬಿತ್ತಿಗೆಯನ್ನು ಲೆಕ್ಕದಲ್ಲಿಟ್ಟುಕೊಂಡು ಬೆಳೆದದ್ದು. ಬರ ಕೇಳುವುದು ಎರಡನೆಯ ಬಿತ್ತಿಗೆಯ ಬೀಜವನ್ನು.

ನಾಲ್ಕು ತಾಲೂಕು, ಎರಡು ಹವಾಮಾನ

ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ಖಾನಾಪುರವನ್ನು ದಾಟಿ ಈ ಸೀಮೆಗೆ ಬರುತ್ತದೆ. ನದಿ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಬೈಲಹೊಂಗಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಕಿತ್ತೂರಿನ ಪಶ್ಚಿಮ ಅಂಚಿನಲ್ಲಿ ಮಲೆನಾಡಿನ ಸೆರಗಿನ ಮಳೆ ಸಿಗುತ್ತದೆ. ರಾಮದುರ್ಗಕ್ಕೆ ಬರುವ ಹೊತ್ತಿಗೆ ಪೂರ್ತಿ ಬಯಲುಸೀಮೆ.

ಕರ್ನಾಟಕವನ್ನು ಕೃಷಿ ವಿಜ್ಞಾನಿಗಳು 10 ಕೃಷಿ ಹವಾಮಾನ ವಲಯಗಳನ್ನಾಗಿ ವಿಂಗಡಿಸಿದ್ದಾರೆ. ಅದರಂತೆ ಕಿತ್ತೂರು ಸೇರಿದ ಹಳೆಯ ಬೈಲಹೊಂಗಲ ತಾಲೂಕು 8ನೆಯದಾದ ಉತ್ತರ ಸಂಕ್ರಮಣ ವಲಯಕ್ಕೂ, ಸವದತ್ತಿ ಮತ್ತು ರಾಮದುರ್ಗ 3ನೆಯದಾದ ಉತ್ತರ ಒಣ ವಲಯಕ್ಕೂ ಸೇರುತ್ತವೆ. ಬೈಲಹೊಂಗಲ, ಕಿತ್ತೂರಿನ ಕಡೆ ಮುಂಗಾರಿಯೇ ಮುಖ್ಯ: ಸೋಯಾ ಅವರೆ, ಗೋವಿನಜೋಳ, ಹತ್ತಿ, ನೀರಿದ್ದಲ್ಲಿ ಕಬ್ಬು. ಸವದತ್ತಿ, ರಾಮದುರ್ಗದ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ, ಗೋಧಿ ಹೆಚ್ಚು. ಎರೆಮಣ್ಣು ಸೆಪ್ಟೆಂಬರಿನ ಮಳೆಯನ್ನು ಹೀರಿಕೊಂಡು ಚಳಿಗಾಲವಿಡೀ ಬೇರಿಗೆ ಉಣಿಸುತ್ತದೆ. ಒಳ್ಳೆಯ ಒಂದೆರಡು ಮಳೆ ಬಿದ್ದು ಮಣ್ಣು ಹಸಿ ಹಿಡಿದುಕೊಂಡರೆ ಮುಂದೆ ಹೆಚ್ಚು ಮಳೆಯಿಲ್ಲದೆಯೂ ಜೋಳ ತೆನೆ ಹಾಯುತ್ತದೆ.

ಸವದತ್ತಿ ತಾಲೂಕಿನ ಮುನವಳ್ಳಿ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಲಾಯಿತು. ರೇಣುಕಾಸಾಗರವೆಂದು ಕರೆಯಲಾಗುವ ಈ ಜಲಾಶಯದ ಸಾಮರ್ಥ್ಯ ಸುಮಾರು 37.7 ಟಿ.ಎಂ.ಸಿ. ಅಡಿ. ಆದರೂ ಕಾಲುವೆ ನೀರು ಮುಟ್ಟದ ಹೊಲಗಳೇ ಈ ತಾಲೂಕುಗಳಲ್ಲಿ ಬಹಳ. ಅಲ್ಲಿ ಬೀಜದ ಆಯ್ಕೆಯನ್ನು ಮಳೆಯೇ ನಿರ್ಧರಿಸುತ್ತದೆ.

ಮನೆಯ ಬೀಜ, ಪೇಟೆಯ ಬೀಜ

ರೈತನ ದೃಷ್ಟಿಯಿಂದ ಬೀಜಗಳಲ್ಲಿ ಎರಡು ಜಾತಿ. ಬೆಳೆದ ಕಾಳಿನಲ್ಲಿಯೇ ಮುಂದಿನ ವರ್ಷಕ್ಕೆ ತೆಗೆದಿಡಬಹುದಾದದ್ದು ಒಂದು. ಪ್ರತಿ ವರ್ಷ ಕೊಂಡೇ ತರಬೇಕಾದದ್ದು ಇನ್ನೊಂದು.

ಹಿಂಗಾರಿ ಜೋಳ, ಕಡಲೆ, ಗೋಧಿ, ಹೆಸರು, ಸೋಯಾ ಅವರೆಯ ಸುಧಾರಿತ ತಳಿಗಳು ಮೊದಲ ಜಾತಿಗೆ ಸೇರುತ್ತವೆ. ಇವುಗಳ ಕಾಳು ಬಿತ್ತಿದರೆ ತಾಯಿ ಗಿಡದಂತಹ ಗಿಡವೇ ಬರುತ್ತದೆ. ಈ ಸೀಮೆಯ ಬಿಳಿಜೋಳದ ಪ್ರಸಿದ್ಧ ತಳಿ ಎಂ. 35-1 ಅಂದರೆ ಮಾಲದಂಡಿ. ಇದನ್ನು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆರಿಸಿ ತೆಗೆಯಲಾಯಿತು. ಅಂದಿನಿಂದ ಎಷ್ಟೋ ಹೊಸ ತಳಿಗಳು ಬಂದಿದ್ದರೂ ರೊಟ್ಟಿಯ ರುಚಿಗೂ ಮೇವಿನ ಗುಣಕ್ಕೂ ರೈತರು ಮಾಲದಂಡಿಯನ್ನು ಬಿಟ್ಟಿಲ್ಲ. ಕಡಲೆಯಲ್ಲಿ ಅಣ್ಣಿಗೇರಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಅಣ್ಣಿಗೇರಿ-1, ನಂತರ ಬಂದ ಜೆ.ಜಿ. 11 ಮನೆಮಾತಾಗಿವೆ.

ಎರಡನೆಯ ಜಾತಿ ಹೈಬ್ರಿಡ್ ಬೀಜಗಳದ್ದು. ಹತ್ತಿ, ಗೋವಿನಜೋಳ ಮತ್ತು ಸೂರ್ಯಕಾಂತಿಯಲ್ಲಿ ಇವುಗಳದೇ ಆಳ್ವಿಕೆ. ಎರಡು ಬೇರೆ ಬೇರೆ ತಳಿಗಳ ಸಂಕರದಿಂದ ಹುಟ್ಟಿದ ಬೀಜ ಮೊದಲ ಪೀಳಿಗೆಯಲ್ಲಿ ಹುರುಪಿನಿಂದ ಬೆಳೆಯುತ್ತದೆ. ಅದರ ಕಾಳನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ತರಹ ಆಗಿ ಇಳುವರಿ ಕುಸಿಯುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸ ಚೀಲವನ್ನೇ ಒಡೆಯಬೇಕು. ಹೈಬ್ರಿಡ್ ಹತ್ತಿ ಬೀಜದ ಉತ್ಪಾದನೆಯಲ್ಲಿ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕಾಗುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆಯಲ್ಲಿ ‘ಕ್ರಾಸಿಂಗ್’ ಎಂದು ಕರೆಯುವ ಈ ಕೆಲಸವನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡುತ್ತಾರೆ. ಬೀಜದ ಬೆಲೆಯಲ್ಲಿ ಈ ಕೂಲಿಯ ಪಾಲೂ ಇದೆ.

ಕಂಪನಿಗಳ ಆಸಕ್ತಿ ಎಲ್ಲಿ ಇರುತ್ತದೆಂಬುದು ಇದರಿಂದಲೇ ತಿಳಿಯುತ್ತದೆ. ಪ್ರತಿ ವರ್ಷ ಗಿರಾಕಿ ಮರಳಿ ಬರುವ ಹತ್ತಿ, ಗೋವಿನಜೋಳದ ಬೀಜದಲ್ಲಿ ಪೈಪೋಟಿ ಜೋರು, ಜಾಹೀರಾತೂ ಜೋರು. ಒಮ್ಮೆ ಒಯ್ದವನು ಮೂರು ವರ್ಷ ತಿರುಗಿ ನೋಡದ ಜೋಳ, ಕುಸುಬಿಯ ಬೀಜದಲ್ಲಿ ಲಾಭ ತೆಳು. ಬರ ತಡೆಯುವ ಬೆಳೆಗಳು ಬಹುಪಾಲು ಈ ಎರಡನೆಯ ಗುಂಪಿನಲ್ಲಿಯೇ ಇರುವುದು ಗಮನಾರ್ಹ.

ಹತ್ತಿ ಕಲಿಸಿದ ಪಾಠ

ಈ ಭಾಗದಲ್ಲಿ ಬೀಜ ಪೇಟೆಯ ವಸ್ತುವಾದದ್ದು ಹತ್ತಿಯ ಮೂಲಕ. ಧಾರವಾಡ, ಬೆಳಗಾವಿ ಸೀಮೆಯ ನಾಟಿ ಹತ್ತಿ ಹಿಂದೆ ಘಟ್ಟ ಇಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿತ್ತು. ಹೀಗಾಗಿ ವ್ಯಾಪಾರದಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ನಿಂತಿತು. 19ನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಅಮೆರಿಕದ ಬೀಜ ತಂದು ಬಿತ್ತಿಸಿದರು. ಅದು ‘ಧಾರವಾಡ-ಅಮೆರಿಕನ್’ ಎನಿಸಿತು. ಎರಡನ್ನೂ ಒಂದೇ ಕಡೆ ಹಿಂಜುವುದರಿಂದ ಬೀಜ ಬೆರಕೆಯಾಗುತ್ತಿತ್ತು, ಅರಳೆಯಲ್ಲಿಯೂ ಮೋಸ ನಡೆಯುತ್ತಿತ್ತು. ಇದನ್ನು ತಡೆಯಲೆಂದೇ ಮುಂಬಯಿ ಪ್ರಾಂತದಲ್ಲಿ 1863ರಲ್ಲಿ ಹತ್ತಿ ವಂಚನೆ ತಡೆ ಕಾಯ್ದೆ ಬಂದಿತು. ಬೀಜದ ಶುದ್ಧತೆಯ ತಕರಾರು ಇಲ್ಲಿ 160 ವರ್ಷಗಳಷ್ಟು ಹಳೆಯದು.

1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. ಉದ್ದ ಎಳೆಯ ಈ ಹತ್ತಿ ಮಲಪ್ರಭಾ ಕಾಲುವೆಯ ನೀರಿನೊಂದಿಗೆ ಊರೂರಿಗೆ ಹರಡಿತು. ದಶಕದ ಕೊನೆಗೆ ಬೆಲೆ ಬಿದ್ದುಹೋಯಿತು. ನೀರು ಸರಿಯಾಗಿ ಮುಟ್ಟದಿದ್ದರೂ ಸರಕಾರ ಅಭಿವೃದ್ಧಿ ಕರ ಕೇಳಿತು. ಸವದತ್ತಿ, ನವಲಗುಂದ, ನರಗುಂದ ಸೀಮೆಯ ರೈತರ ಸಿಟ್ಟು 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನಲ್ಲಿ ಪರ್ಯವಸಾನಗೊಂಡಿತು. ರಾಜ್ಯದ ರೈತ ಚಳವಳಿಗೆ ಅಲ್ಲಿಂದಲೇ ಹೊಸ ಬಲ ಬಂದಿತು. ಒಳ್ಳೆಯ ಬೀಜವೊಂದೇ ರೈತನನ್ನು ಉಳಿಸಲಾರದೆಂಬುದಕ್ಕೆ ಈ ಘಟನೆ ಸಾಕ್ಷಿ. 1981ರಲ್ಲಿ ಕಟರಕಿ ಅವರದೇ ಡಿ.ಸಿ.ಎಚ್. 32 ಅಥವಾ ‘ಜಯಲಕ್ಷ್ಮಿ’ ಬಂದಿತು.

2002ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಬಿ.ಟಿ. ಹತ್ತಿಗೆ ಒಪ್ಪಿಗೆ ನೀಡಿತು. ಆರಂಭದಲ್ಲಿ 450 ಗ್ರಾಂ ಪೊಟ್ಟಣಕ್ಕೆ ಸುಮಾರು 1,600 ರೂ. ಬೆಲೆಯಿತ್ತು. ಆಂಧ್ರಪ್ರದೇಶ ಸರಕಾರ ದೂರು ಕೊಟ್ಟ ಬಳಿಕ 2006ರಲ್ಲಿ ಅದು 750 ರೂ. ಮಟ್ಟಕ್ಕೆ ಇಳಿಯಿತು. 2015ರ ಡಿಸೆಂಬರಿನ ಬೆಲೆ ನಿಯಂತ್ರಣ ಆದೇಶದ ನಂತರ ಕೇಂದ್ರವೇ ಪ್ರತಿ ವರ್ಷ ಗರಿಷ್ಠ ಬೆಲೆ ನಿಗದಿ ಮಾಡತೊಡಗಿತು. ಎರಡನೆಯ ಪೀಳಿಗೆಯ ಬಿ.ಟಿ. ಪೊಟ್ಟಣಕ್ಕೆ 2016ರಲ್ಲಿ 800 ರೂ., 2025ರಲ್ಲಿ 901 ರೂ. ಗೊತ್ತುಪಡಿಸಲಾಯಿತು.

ಇದರ ನಡುವೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ ‘ಬಿಕಾನೇರಿ ನರ್ಮಾ’ ಎಂಬ ಬಿ.ಟಿ. ತಳಿಯನ್ನು ಸಿದ್ಧಪಡಿಸಿದ್ದವು. ಇದು ಹೈಬ್ರಿಡ್ ಅಲ್ಲದ್ದರಿಂದ ರೈತರು ಬೀಜ ಉಳಿಸಿಕೊಳ್ಳಬಹುದಿತ್ತು. 2008ರಲ್ಲಿ ಒಪ್ಪಿಗೆ ಸಿಕ್ಕಿ 2009ರಲ್ಲಿ ಮಾರಾಟಕ್ಕೆ ಬಂದ ಬೀಜದಲ್ಲಿ ಖಾಸಗಿ ಕಂಪನಿಯ ವಂಶವಾಹಿ ಬೆರೆತಿರುವುದು ಕಂಡುಬಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಸೋಪೋರಿ ಸಮಿತಿ 2012ರಲ್ಲಿ ಈ ಕುರಿತು ವರದಿ ನೀಡಿತು. ಮನೆಯಲ್ಲಿ ಕೂಡಿಡಬಹುದಾದ ಬಿ.ಟಿ. ಹತ್ತಿ ಬೀಜದ ಅವಕಾಶ ಹೀಗೆ ನಮ್ಮ ನೆರೆಯ ಧಾರವಾಡದಲ್ಲಿಯೇ ಹುಟ್ಟಿ ಒಂದೇ ಹಂಗಾಮಿನಲ್ಲಿ ಮುಗಿಯಿತು.

ಬೀಜ ಬರುವ ನಾಲ್ಕು ದಾರಿ

ಮೊದಲನೆಯದು ಸರಕಾರಿ ದಾರಿ. 2000ದಲ್ಲಿ ಹೋಬಳಿಗೊಂದರಂತೆ ಆರಂಭವಾದ ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರದ ಬೀಜ ಸಿಗುತ್ತದೆ. ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75ರವರೆಗೆ ರಿಯಾಯಿತಿ ಉಂಟು. ಒಬ್ಬರಿಗೆ 2 ಹೆಕ್ಟೇರ್‌ವರೆಗೆ ಮಿತಿ. ಕರ್ನಾಟಕ ರಾಜ್ಯ ಬೀಜ ನಿಗಮ, 1963ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೀಜ ನಿಗಮ ಮೊದಲಾದವು ಇಲ್ಲಿಗೆ ಬೀಜ ಪೂರೈಸುತ್ತವೆ.

ಎರಡನೆಯದು ಖಾಸಗಿ ಅಂಗಡಿ. 1983ರ ಬೀಜ ನಿಯಂತ್ರಣ ಆದೇಶದಂತೆ ಇವರಿಗೆ ಪರವಾನಗಿ ಕಡ್ಡಾಯ. ಬಿ.ಟಿ. ಹತ್ತಿ ಇಲ್ಲಿಯೇ ಸಿಗುವುದು. ಬೀಜ, ಗೊಬ್ಬರ, ಔಷಧ ಮೂರನ್ನೂ ಒಂದೇ ಅಂಗಡಿಯಲ್ಲಿ ಉದ್ರಿ ಕೊಡುವವರೂ ಇದ್ದಾರೆ. ಉದ್ರಿ ಒಯ್ದ ರೈತನಿಗೆ ತಳಿ ಆರಿಸುವ ಸ್ವಾತಂತ್ರ್ಯ ಕಡಿಮೆ. ಅಂಗಡಿಯವರು ಕೊಟ್ಟದ್ದನ್ನು ಒಯ್ಯಬೇಕು, ರಸೀದಿ ಕೇಳಲು ಸಂಕೋಚ ಪಡಬೇಕು.

ಮೂರನೆಯದು ವಿಶ್ವವಿದ್ಯಾಲಯದ ದಾರಿ. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯ ತನ್ನ ಬೀಜ ಘಟಕ ಮತ್ತು ಕೃಷಿ ಮೇಳಗಳಲ್ಲಿ ಬೀಜ ಮಾರುತ್ತದೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೆ.ಎಲ್.ಇ. ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ.

ನಾಲ್ಕನೆಯದು ಲೆಕ್ಕಕ್ಕೆ ಸಿಗದ ದಾರಿ. ನೆರೆಯ ಹೊಲದವನಿಂದ, ಬೀಗರ ಊರಿನಿಂದ, ಎ.ಪಿ.ಎಂ.ಸಿ. ಅಡತಿ ಅಂಗಡಿಯ ಕಾಳಿನ ಚೀಲದಿಂದ ಬರುವ ಬೀಜ ಇದು. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಕಾಪಾಡಿದ ಮನೆಯ ಬೀಜವೂ ಇದರಲ್ಲಿಯೇ ಸೇರುತ್ತದೆ. ಈ ವಿನಿಮಯಕ್ಕೆ ಕಾನೂನಿನ ಬೆಂಬಲವೂ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೆಯ ಕಲಮು ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ನೀಡಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ ಎಂಬುದೊಂದೇ ನಿರ್ಬಂಧ.

ಚೀಟಿಯ ಬಣ್ಣ ಏನು ಹೇಳುತ್ತದೆ?

ಬೀಜದ ಚೀಲಕ್ಕೆ ಕಟ್ಟಿದ ಚೀಟಿಯ ಬಣ್ಣದಿಂದ ಅದರ ದರ್ಜೆ ತಿಳಿಯುತ್ತದೆ. ತಳಿವರ್ಧಕರ ಬೀಜಕ್ಕೆ ಹೊಂಬಣ್ಣದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಉತ್ಪಾದಕರೇ ಗುಣಮಟ್ಟವನ್ನು ಘೋಷಿಸಿ ಮಾರುವ ‘ನಿಜ ಚೀಟಿ’ ಬೀಜಕ್ಕೆ ತಿಳಿಹಸಿರು. 1966ರ ಬೀಜ ಕಾಯ್ದೆಯಂತೆ ಪ್ರಮಾಣೀಕರಣ ಐಚ್ಛಿಕ. ಖಾಸಗಿ ಹೈಬ್ರಿಡ್‌ಗಳು ಬಹುಪಾಲು ತಿಳಿಹಸಿರು ಚೀಟಿಯಲ್ಲಿಯೇ ಬರುತ್ತವೆ.

ಪ್ರಮಾಣಿತ ಬೀಜದ ಮೊಳಕೆ ಪ್ರಮಾಣ ಕನಿಷ್ಠ ಇಷ್ಟಿರಬೇಕೆಂದು ನಿಯಮವಿದೆ: ಗೋವಿನಜೋಳದ ಹೈಬ್ರಿಡ್ ಶೇ. 90, ಕಡಲೆ ಮತ್ತು ಗೋಧಿ ಶೇ. 85, ಕುಸುಬಿ ಶೇ. 80, ಜೋಳ ಮತ್ತು ಹೆಸರು ಶೇ. 75, ಸೋಯಾ ಅವರೆ ಮತ್ತು ಸೂರ್ಯಕಾಂತಿ ಶೇ. 70. ಪ್ರಮಾಣಪತ್ರದ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಮರುಪರೀಕ್ಷೆಯಲ್ಲಿ ತೇರ್ಗಡೆಯಾದರೆ ಇನ್ನೂ 6 ತಿಂಗಳು ವಿಸ್ತರಿಸಬಹುದು.

ಈ 9 ತಿಂಗಳ ಗಡುವು ಗುಣಮಟ್ಟದ ದೃಷ್ಟಿಯಿಂದ ಅವಶ್ಯಕವೇ. ಆದರೆ ವ್ಯಾಪಾರಿಯ ಲೆಕ್ಕದಲ್ಲಿ ಅದಕ್ಕೆ ಬೇರೆಯ ಅರ್ಥವಿದೆ. ಬರಬಹುದಾದ ಬರಕ್ಕೆಂದು ಹೆಚ್ಚುವರಿ ಬೀಜ ತರಿಸಿಟ್ಟು, ಬರ ಬಾರದಿದ್ದರೆ ಅದು ಕಾಳಿನ ದರಕ್ಕೆ ಹೋಗುತ್ತದೆ. ಔಷಧ ಲೇಪಿಸಿದ್ದರೆ ಕಾಳಾಗಿಯೂ ಮಾರುವಂತಿಲ್ಲ. ಹೀಗಾಗಿ ಅನಿಶ್ಚಿತವಾದ ಎರಡನೆಯ ಬಿತ್ತಿಗೆಗಾಗಿ ಯಾವ ಅಂಗಡಿಯೂ ಬೀಜ ಕೂಡಿಡುವುದಿಲ್ಲ. ಇದರಲ್ಲಿ ವ್ಯಾಪಾರಿಯ ತಪ್ಪೇನೂ ಇಲ್ಲ. ಆ ನಷ್ಟವನ್ನು ಹೊರುವ ವ್ಯವಸ್ಥೆಯನ್ನು ಯಾರೂ ಮಾಡಿಲ್ಲ, ಅಷ್ಟೇ.

ಮಳೆ ತಪ್ಪಿದಾಗ

ಮೃಗಶಿರ ಮಳೆಗೆ ಹೆಸರು ಬಿತ್ತಿ, ಆಗಸ್ಟ್ ಕೊನೆಗೆ ಕೊಯ್ದು, ಅದೇ ಹೊಲದಲ್ಲಿ ಹಿಂಗಾರಿ ಜೋಳವನ್ನೋ ಕಡಲೆಯನ್ನೋ ಬಿತ್ತುವುದು ಎರೆಭೂಮಿಯ ರೂಢಿ. ಮಳೆ ಜುಲೈ ನಡುವಿಗೆ ಸರಿದರೆ ಹೆಸರಿನ ಹೊತ್ತು ಮೀರುತ್ತದೆ. ಆಗಸ್ಟ್‌ಗೆ ಸರಿದರೆ ಸೂರ್ಯಕಾಂತಿಯಂತಹ ಒಂದೆರಡು ಬೆಳೆಗಳಷ್ಟೇ ಉಳಿಯುತ್ತವೆ. ಅದೂ ತಪ್ಪಿದರೆ ಹಿಂಗಾರಿಯನ್ನೇ ಕಾಯಬೇಕು. ಅಂದರೆ ಮಳೆ ತಡವಾದಂತೆಲ್ಲ ಬೇಕಾಗುವ ಬೀಜವೇ ಬದಲಾಗುತ್ತದೆ. ಜೂನ್‌ನಲ್ಲಿ ತರಿಸಿದ ದಾಸ್ತಾನು ಆಗಸ್ಟ್‌ನಲ್ಲಿ ಉಪಯೋಗಕ್ಕೆ ಬಾರದು.

ಮನೆಯ ಬೀಜಕ್ಕೂ ಬರದ ಪೆಟ್ಟು ತಪ್ಪದು. ಒಂದು ವರ್ಷ ಬೆಳೆ ಹೋದರೆ ಮುಂದಿನ ವರ್ಷಕ್ಕೆ ತೆಗೆದಿಡಲು ಕಾಳೇ ಇರುವುದಿಲ್ಲ. ತೆಗೆದಿಟ್ಟದ್ದೂ ಊಟಕ್ಕೋ ಸಾಲಕ್ಕೋ ಹೋಗುತ್ತದೆ. ಅಲ್ಲಿಯವರೆಗೆ ಪೇಟೆಯ ಹಂಗಿಲ್ಲದಿದ್ದ ರೈತನೂ ಗಿರಾಕಿಯಾಗುತ್ತಾನೆ. ಊರಿಗೆ ಊರೇ ಒಂದೇ ವಾರದಲ್ಲಿ ಹಾಗೆ ಗಿರಾಕಿಯಾದಾಗ ನಕಲಿ ಚೀಲಗಳಿಗೂ ಬಿಡಿ ಬೀಜಕ್ಕೂ ಅವಕಾಶ ಸಿಗುತ್ತದೆ. ಸೋಯಾ ಅವರೆಯ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಅದರ ಸಿಪ್ಪೆ ತೆಳು. ಕೊಯ್ಲಿನಲ್ಲಿ ಮಳೆ ತಾಗಿದರೆ, ಚೀಲವನ್ನು ಎತ್ತಿ ಒಗೆದರೆ ಮೊಳಕೆ ಶಕ್ತಿ ಬೇಗ ಕುಂದುತ್ತದೆ. 2019ರಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಸುರಿದದ್ದರ ಫಲವಾಗಿ 2020ರ ಮುಂಗಾರಿಯಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ ಸೋಯಾ ಬೀಜ ಮೊಳೆಯಲಿಲ್ಲವೆಂಬ ದೂರುಗಳು ವ್ಯಾಪಕವಾಗಿ ಬಂದವು.

2023ರ ಬರ ಈ ಏರ್ಪಾಡಿನ ಕೊರತೆಯನ್ನು ಎತ್ತಿ ತೋರಿಸಿತು. 1901ರ ನಂತರ ದೇಶ ಕಂಡ ಅತಿ ಒಣ ಆಗಸ್ಟ್ ಆ ವರ್ಷದ್ದು. ರಾಜ್ಯ ಸರಕಾರ ಸೆಪ್ಟೆಂಬರ್‌ನಲ್ಲಿ ಮೊದಲ ಪಟ್ಟಿ ಪ್ರಕಟಿಸಿ, ಕೊನೆಗೆ 236ರ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ರೈತರಿಗೆ ತಲಾ 2,000 ರೂ.ವರೆಗಿನ ಮೊದಲ ಕಂತು ತಲುಪಿದ್ದು 2024ರ ಆರಂಭದಲ್ಲಿ. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಬಳಿಕ ಕೇಂದ್ರ ಸುಮಾರು 3,454 ಕೋಟಿ ರೂ. ಬಿಡುಗಡೆ ಮಾಡಿದ್ದು ಏಪ್ರಿಲ್ ಕೊನೆಗೆ. ಹಿಂಗಾರಿ ಬಿತ್ತಿಗೆಯ ಹದ ಮಾತ್ರ 2023ರ ಅಕ್ಟೋಬರಿನಲ್ಲಿಯೇ ಬಂದು ಹೋಗಿತ್ತು.

ಬೆಳೆ ವಿಮೆಯಲ್ಲಿಯೂ ಇದೇ ಕಥೆ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಒಂದು ಘಟಕದ ಶೇ. 75ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25 ಸಿಗುತ್ತದೆ. ಅದರೊಂದಿಗೆ ಆ ಬೆಳೆಯ ವಿಮೆಯೂ ಮುಗಿಯುತ್ತದೆ. ಬಿತ್ತಿ, ಒಣಗಿಸಿಕೊಂಡು, ಮತ್ತೆ ಬಿತ್ತಬೇಕಾದವನ ಬೀಜದ ಖರ್ಚಿಗೆ ಈ ಅವಕಾಶ ಒದಗುವುದಿಲ್ಲ.

ಬೀಜ ಮೊಳೆಯದಿದ್ದರೆ

ಬಿತ್ತಿದ ಬೀಜ ಮೊಳೆಯದಿದ್ದಾಗ ತಪ್ಪು ಮಳೆಯದೋ ಬೀಜದ್ದೋ ಎಂಬ ವಾದ ಏಳುತ್ತದೆ. ಬರದ ವರ್ಷದಲ್ಲಿ ಕಳಪೆ ಬೀಜ ಮಾರಿದವನಿಗೆ ಮಳೆಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ದಾಖಲೆ ಮುಖ್ಯ. ರಸೀದಿ, ಚೀಟಿ, ಖಾಲಿ ಚೀಲ, ಒಂದು ಹಿಡಿ ಉಳಿದ ಬೀಜ ಇವನ್ನು ಕೊಯ್ಲಿನವರೆಗೆ ಕಾಯ್ದಿಡಬೇಕು. 1968ರ ಬೀಜ ನಿಯಮಗಳ 23-ಎ ನಿಯಮದಂತೆ ರೈತ ಲಿಖಿತ ದೂರು ಕೊಟ್ಟರೆ ಬೀಜ ಪರಿವೀಕ್ಷಕರು ಚೀಟಿ, ಚೀಲ, ಉಳಿದ ಬೀಜವನ್ನು ವಶಕ್ಕೆ ಪಡೆದು, ಪ್ರಯೋಗಾಲಯಕ್ಕೆ ಕಳುಹಿಸಿ ವಿಫಲತೆಯ ಕಾರಣ ತನಿಖೆ ಮಾಡಬೇಕು.

1966ರ ಕಾಯ್ದೆ ಮೊದಲ ಅಪರಾಧಕ್ಕೆ ವಿಧಿಸಿದ ಗರಿಷ್ಠ ದಂಡ 500 ರೂ. ರೈತನಿಗೆ ಪರಿಹಾರ ಕೊಡಿಸುವ ಏರ್ಪಾಡು ಅದರಲ್ಲಿ ಇಲ್ಲ. ಪರಿಹಾರದ ದಾರಿ ತೆರೆದದ್ದು ಗ್ರಾಹಕರ ಕಾನೂನು. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ, ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ತೀರ್ಪಿತ್ತಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಟ್ಟ ರೈತ ಪರೀಕ್ಷೆಗೆಂದು ಮಾದರಿ ಉಳಿಸಿಡಬೇಕೆಂದು ನಿರೀಕ್ಷಿಸಲಾಗದೆಂದೂ ಹೇಳಿತು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬಹುದು. ಹಳೆಯ ಕಾಯ್ದೆಯ ಜಾಗದಲ್ಲಿ ಹೊಸದನ್ನು ತರುವ ಯತ್ನ 2004ರ ಮಸೂದೆಯಿಂದಲೂ ನಡೆದುಬಂದಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಮತ್ತೊಂದು ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು.

ಹೊರಗಿನ ಅನುಭವ

ಬರಪೀಡಿತ ಆಫ್ರಿಕದ ದೇಶಗಳ ಅನುಭವ ಇಲ್ಲಿ ನೆನೆಯತಕ್ಕದ್ದು. ಮಲಾವಿ, ಕೆನ್ಯಾ, ಜಿಂಬಾಬ್ವೆ ಸೇರಿದಂತೆ ಆಫ್ರಿಕದ ಐದು ದೇಶಗಳು ಮತ್ತು ಹೈಟಿಯಲ್ಲಿ ಮೆಕ್‌ಗ್ವೈರ್ ಮತ್ತು ಸ್ಪರ್ಲಿಂಗ್ ಎಂಬ ಸಂಶೋಧಕರು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿನ ಸಣ್ಣ ರೈತರ ಬೀಜದ ಸುಮಾರು ಶೇ. 90 ಭಾಗ ಕಂಪನಿ ಅಥವಾ ಸರಕಾರದಿಂದ ಬರುತ್ತಿರಲಿಲ್ಲ. ಅರ್ಧದಷ್ಟು ಬೀಜ ಸ್ಥಳೀಯ ಸಂತೆಯ ಕಾಳಿನಿಂದಲೇ ಬರುತ್ತಿತ್ತು. ಬರದ ನಂತರ ಹಲವೆಡೆ ಬೀಜ ಇಲ್ಲವೆಂಬುದಕ್ಕಿಂತ ಕೊಳ್ಳಲು ಹಣವಿಲ್ಲವೆಂಬುದೇ ದೊಡ್ಡ ತೊಡಕಾಗುತ್ತದೆಂದು ಇಂತಹ ಅಧ್ಯಯನಗಳು ಎತ್ತಿ ತೋರಿಸಿವೆ. ನಮ್ಮ ನಾಲ್ಕನೆಯ ದಾರಿಯ ಮಹತ್ವ ಇದರಿಂದ ಮನದಟ್ಟಾಗುತ್ತದೆ. ಅದನ್ನು ಹಿಂದುಳಿದ ಪದ್ಧತಿಯೆಂದು ತಳ್ಳಿಹಾಕುವುದರ ಬದಲು ಬಲಪಡಿಸುವುದು ಲಾಭಕರ.

ಊರಲ್ಲೇ ಬೀಜ

ಲೆಕ್ಕ ಹಾಕಿದರೆ ಇದು ಅಸಾಧ್ಯವೂ ಅಲ್ಲ. ಹಿಂಗಾರಿ ಜೋಳಕ್ಕೆ ಎಕರೆಗೆ 3 ಕಿಲೋ ಬೀಜ ಸಾಕು. 100 ಎಕರೆಗೆ 3 ಕ್ವಿಂಟಲ್. ಒಬ್ಬ ರೈತನ ಒಂದು ಎಕರೆಯಲ್ಲಿ 5 ಕ್ವಿಂಟಲ್ ಒಳ್ಳೆಯ ಜೋಳ ಬಂದರೆ 160 ಎಕರೆಗೂ ಹೆಚ್ಚು ಬೀಜವಾಯಿತು. ಕಡಲೆಗೆ ಎಕರೆಗೆ 20ರಿಂದ 25 ಕಿಲೋ ಬೇಕು. ಅಷ್ಟೇ ಕಾಳು ಬಂದರೂ ಒಂದು ಎಕರೆಯ ಬೆಳೆ 20ರಿಂದ 25 ಎಕರೆಗಷ್ಟೇ ಸಾಲುತ್ತದೆ. ಸೋಯಾ ಅವರೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಜೋಳದ ಬೀಜವನ್ನು ಊರಿನ ಒಬ್ಬಿಬ್ಬರೇ ಕಾಪಾಡಬಲ್ಲರು. ಕಡಲೆ, ಸೋಯಾಗಳಿಗೆ ಸಹಕಾರ ಸಂಘದ ಉಗ್ರಾಣವೇ ಬೇಕು.

ಮನೆಯ ಬೀಜದ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಚೀಲದ ಬೇರೆ ಬೇರೆ ಕಡೆಯಿಂದ ಆರಿಸದೆ ತೆಗೆದ 100 ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಂಟು ದಿನಗಳಲ್ಲಿ ಎಷ್ಟು ಗಟ್ಟಿಮುಟ್ಟಾದ ಮೊಳಕೆ ಬಂದವೆಂದು ಎಣಿಸಿದರೆ ಅದೇ ಶೇಕಡಾವಾರು. ಹಿಂಗಾರಿ ಜೋಳದ ಬೀಜವನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ 8 ಗಂಟೆ ನೆನೆಸಿ ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿ ಆರಂಭದ ಒಣಹವೆಯನ್ನು ತಾಳಿಕೊಳ್ಳುತ್ತದೆಂದು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ.

ಉಳಿದದ್ದು ಸರಕಾರ ಮತ್ತು ಸಂಘಗಳ ಕೆಲಸ. ಹೋಬಳಿಗೊಂದು ಸಣ್ಣ ಆಪತ್ಕಾಲದ ದಾಸ್ತಾನು ಇರಲಿ. ಅದರಲ್ಲಿ ಜೂನ್‌ನ ಬೀಜವಷ್ಟೇ ಅಲ್ಲ, ಆಗಸ್ಟ್‌ಗೂ ಅಕ್ಟೋಬರಿಗೂ ಆಗುವ ಬೆಳೆಗಳ ಬೀಜವೂ ಇರಲಿ. ಬರ ಬಾರದೆ ಬೀಜ ಉಳಿದರೆ ಆಗುವ ನಷ್ಟವನ್ನು ಸರಕಾರ ಮುಂದಾಗಿಯೇ ತನ್ನ ಲೆಕ್ಕಕ್ಕೆ ಹಾಕಿಕೊಳ್ಳಲಿ. ಬೆಳೆ ಒಣಗಿದ ಹಳ್ಳಿಗಳಲ್ಲಿ ಮರುಬಿತ್ತಿಗೆಯ ಬೀಜಕ್ಕೆ ರಿಯಾಯಿತಿಯ ಮಿತಿಯನ್ನು ಮತ್ತೊಮ್ಮೆ ತೆರೆಯಲಿ. ಬರ ಪರಿಹಾರದ ಕೋಟಿಗಳ ಮುಂದೆ ಇದರ ಖರ್ಚು ಅಲ್ಪ. ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಹಿಂಗಾರಿ ಮಳೆಯ ಹಸಿ ಆರುವ ಮುನ್ನ ಕೂರಿಗೆ ಹೂಡಲು ಸಿಗುವುದು ಕೆಲವೇ ದಿನ. ಬೀಜ ಆ ದಿನಗಳಲ್ಲಿ ಊರಲ್ಲಿದ್ದರೆ ಮಾತ್ರ ಬೆಳೆ.